ಬಿ ಸೈಡಿನ ಎರಡನೇ ಹಾಡು

ಇಂಜಿನಿಯರಿಂಗ್ ಹಾಸ್ಟೆಲ್ಲಿಗೆ ಹೊಸದಾಗಿ ಬಂದವರಿಗೆ ಯಾವೂರು, ಸಿಇಟಿ ರ‍್ಯಾಂಕ್ ಎಷ್ಟು ಅಂತ ಕೇಳುವುದು ಎಲ್ಲ ಕಡೆ ಇದ್ದ ಪದ್ಧತಿ. ಹುಬ್ಬಳ್ಳಿಯ ನಮ್ಮ ಹಾಸ್ಟೆಲ್ಲಿನ ಮೂಲೆಯ ರೂಮಿನಲ್ಲಿ ಇನ್ನೂ ಒಂದು ಪ್ರಶ್ನೆ ಇತ್ತು: ‘ಮೆಟಾಲಿಕಾದ್ದು ಮೊದಲ ಯಾವ ಹಾಡು ಕೇಳಿದಿ?’ ಕೇಳುತ್ತಿದ್ದವನು ಬೆಳಗಾವಿ ಕ್ಯಾಂಪಿನ ಹುಡುಗ, ನನ್ನ ರೂಮ್‌ಮೇಟು. 1995ರಲ್ಲಿ, ಟ್ರಂಕು ಇನ್ನೂ ಬಾಗಿಲಲ್ಲೇ ಇದ್ದಾಗ, ನಾನು ಕೊಟ್ಟ ಉತ್ತರ ‘ಮಾಸ್ಟರ್ ಆಫ್ ಪಪೆಟ್ಸ್’. ಅವನ ಮುಖ ಅರಳಿತು. ಕಿಟಕಿ ಪಕ್ಕದ ಮಂಚ ನನಗೆ ಬಿಟ್ಟುಕೊಟ್ಟ.

ಅದು ಸುಳ್ಳು. ನಾನು ಮೊದಲು ಕೇಳಿದ್ದು ‘ನಥಿಂಗ್ ಎಲ್ಸ್ ಮ್ಯಾಟರ್ಸ್’. ಹಿಂದಿನ ವರ್ಷದ ಬೇಸಿಗೆಯಲ್ಲಿ, ಸೋದರಮಾವನ ಮನೆಯ ಕೇಬಲ್ ಟಿವಿಯಲ್ಲಿ, ಮಾವ ಊಟ ಮಾಡಿ ಅಡ್ಡಾದ ಹೊತ್ತಿನಲ್ಲಿ ದನಿ ಸಣ್ಣ ಮಾಡಿಕೊಂಡು ಕೇಳಿದ್ದೆ. ಉದ್ದ ಕೂದಲಿನ ಮನುಷ್ಯನೊಬ್ಬ ಗಿಟಾರು ಮೀಟುತ್ತ ಯಾರಿಗೋ ಕಾಗದ ಓದಿ ಹೇಳುವ ಹಾಗೆ ಹಾಡುತ್ತಿದ್ದ. ನಾನು ಹತ್ತನೆಯ ಇಯತ್ತೆಯವರೆಗೆ ಧಾರವಾಡದಲ್ಲಿ ಕನ್ನಡ ಮಾಧ್ಯಮದಲ್ಲಿ ಕಲಿತವನು. ಇಂಗ್ಲಿಷ್ ಹಾಡು ಅಂದರೆ ನನಗೆ ಬರೀ ಗದ್ದಲ. ಯಾರ ಸಹಾಯವೂ ಇಲ್ಲದೆ, ಡಿಕ್ಷನರಿ ಇಲ್ಲದೆ, ಒಂದು ಇಂಗ್ಲಿಷ್ ಹಾಡು ಪೂರ್ತಿ ತಿಳಿದದ್ದು ಆವತ್ತೇ ಮೊದಲು. ಹಾಡು ಮುಗಿದ ಮೇಲೂ ಟಿವಿ ಮುಂದೆ ಕೂತೇ ಇದ್ದೆ. ಮಾವ ಎದ್ದು ಬಂದು ಚಹಾ ಕುಡಿಯುವಾಗ ‘ಯಾಕೋ, ಮೈಯಾಗ ಆರಾಮಿಲ್ಲೇನು?’ ಅಂದರು.

ಇದರಲ್ಲಿ ಮುಚ್ಚಿಡುವಂಥದ್ದೇನಿತ್ತು ಅಂತ ಈಗಿನ ಹುಡುಗರಿಗೆ ಅನ್ನಿಸಬಹುದು. ಆ ರೂಮಿನ ಧರ್ಮಶಾಸ್ತ್ರವನ್ನು ಸ್ವಲ್ಪ ಹೇಳಬೇಕು.

ಮೆಟಾಲಿಕಾ 1981ರಲ್ಲಿ ಲಾಸ್ ಏಂಜಲೀಸಿನಲ್ಲಿ ಹುಟ್ಟಿದ ತಂಡ. ಥ್ರ್ಯಾಷ್ ಎಂಬ ಶೈಲಿಯನ್ನು ಕಟ್ಟಿದವರಲ್ಲಿ ಮುಖ್ಯರು. ಮಿಂಚಿನ ವೇಗ, ಒಂದೇ ಹಾಡಿನೊಳಗೆ ಐದಾರು ತಿರುವು, ಪ್ರೇಮಗೀತೆಯ ಸೋಂಕಿಲ್ಲದ ಸಾಹಿತ್ಯ: ಯುದ್ಧ, ಹುಚ್ಚು, ಅಮಲು, ನ್ಯಾಯಾಲಯ. ರೇಡಿಯೋದವರು ಹತ್ತಿರ ಸೇರಿಸುತ್ತಿರಲಿಲ್ಲ. ಆದರೂ 1988ರ ‘ಆ್ಯಂಡ್ ಜಸ್ಟೀಸ್ ಫಾರ್ ಆಲ್’ ಹೊತ್ತಿಗೆ ಲಕ್ಷಗಟ್ಟಲೆ ಕೇಳುಗರಿದ್ದರು. ಆ ಆಲ್ಬಮ್ಮಿನಲ್ಲಿ ಒಂಬತ್ತೇ ಹಾಡು, ಒಟ್ಟು 65 ನಿಮಿಷ. ಶೀರ್ಷಿಕೆಯ ಹಾಡೊಂದೇ ಹತ್ತಿರ ಹತ್ತಿರ ಹತ್ತು ನಿಮಿಷ. 1991ರ ಆಗಸ್ಟಿನಲ್ಲಿ ಬಂದದ್ದು ಕಪ್ಪು ಹೊದಿಕೆಯ ಆಲ್ಬಮ್ಮು. ಅದರ ಹೆಸರು ಬರೀ ‘ಮೆಟಾಲಿಕಾ’, ಎಲ್ಲರ ಬಾಯಲ್ಲಿ ‘ಬ್ಲ್ಯಾಕ್ ಆಲ್ಬಮ್’. ಹನ್ನೆರಡು ಹಾಡು, 62 ನಿಮಿಷ. ವೇಗ ಇಳಿಯಿತು, ತಿರುವುಗಳು ಹೋದವು. ಒಂದು ಸಣ್ಣ ಸ್ವರಗುಚ್ಛ ಹಿಡಿದು ಅದನ್ನೇ ಜಗ್ಗಿ ಜಗ್ಗಿ ಹಾಡು ಕಟ್ಟಿದ್ದರು. ಮಾಡಿಸಿದವನು ಬಾಬ್ ರಾಕ್ ಎಂಬ ನಿರ್ಮಾಪಕ. ಅವನು ಅದಕ್ಕೆ ಮೊದಲು ಮಾಟ್ಲಿ ಕ್ರೂ ಎಂಬ ತಂಡಕ್ಕೆ ಭಾರೀ ಮಾರಾಟವಾದ ಆಲ್ಬಮ್ ಮಾಡಿಕೊಟ್ಟವನು. ತುಟಿಗೆ ಬಣ್ಣ ಹಚ್ಚಿಕೊಂಡು ಹಾಡುವವರೆಂದು ಥ್ರ್ಯಾಷ್ ಹುಡುಗರು ಉಗುಳುತ್ತಿದ್ದ ತಂಡ ಅದು. ಬ್ಲ್ಯಾಕ್ ಆಲ್ಬಮ್ ಅಮೆರಿಕದಲ್ಲಿ ಬಂದ ಕೂಡಲೇ ಮೊದಲ ಸ್ಥಾನಕ್ಕೆ ಹೋಯಿತು. ಅಲ್ಲಿಯೇ ಈವರೆಗೆ 1.6 ಕೋಟಿಗೂ ಹೆಚ್ಚು ಪ್ರತಿ ಮಾರಾಟವಾಗಿದೆ.

ಮಾರಿಕೊಂಡರು, ಅಂದರು ಹಳೆಯ ಅಭಿಮಾನಿಗಳು. ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ಅಂದದ್ದನ್ನೇ ನಾಲ್ಕು ವರ್ಷ ತಡವಾಗಿ ಹುಬ್ಬಳ್ಳಿಯ ವಿದ್ಯಾನಗರದಲ್ಲಿ ಬೆಳಗಾವಿಯ ದೋಸ್ತ ಅನ್ನುತ್ತಿದ್ದ. ‘ಇದು ಪ್ಯಾಟ್ಯಾಗ ಮಾರಾಕ ಮಾಡಿದ ಮಾಲಲೇ. ಹತ್ತು ನಿಮಿಷದ ಹಾಡು ಯಾಕ ಬಿಟ್ರು? ರೇಡಿಯೋದವ್ರು ಹಚ್ಚೂದಿಲ್ಲ ಅಂತ. ರೊಕ್ಕಕ್ಕ ತಾಳ ಇಳಿಸಿದವರು ಅವರು.’

ಅವನ ಹತ್ತಿರ ಅಸಲಿ ಕ್ಯಾಸೆಟ್ಟುಗಳಿದ್ದವು. ಮರ್ಚಂಟ್ ನೇವಿಯಲ್ಲಿದ್ದ ಅಣ್ಣ ಸಿಂಗಪುರದಿಂದ ತಂದುಕೊಟ್ಟದ್ದು. 1984ರ ‘ರೈಡ್ ದ ಲೈಟ್ನಿಂಗ್’, 1986ರ ‘ಮಾಸ್ಟರ್ ಆಫ್ ಪಪೆಟ್ಸ್’, ಆಮೇಲೆ ‘ಜಸ್ಟೀಸ್’. ಬಿಸ್ಕಿಟ್ ಡಬ್ಬಿಯೊಳಗೆ ಅರಿವೆ ಸುತ್ತಿ ಇಡುತ್ತಿದ್ದ. ಸಾಹಿತ್ಯದ ಹಾಳೆ ಮಡಿಕೆ ಮಡಿಕೆಯಾಗಿ ಬಿಚ್ಚಿಕೊಳ್ಳುತ್ತಿತ್ತು. ನಮಗೆ ಅವನೇ ಒಂದೊಂದು ಹಾಡಿನ ಅರ್ಥ ಬಿಡಿಸಿ ಹೇಳುತ್ತಿದ್ದ. ಬಾಸ್ ನುಡಿಸುತ್ತಿದ್ದ ಕ್ಲಿಫ್ ಬರ್ಟನ್ 1986ರಲ್ಲಿ ಸ್ವೀಡನ್ನಿನಲ್ಲಿ ಬಸ್ಸು ಮಗುಚಿ ಸತ್ತದ್ದನ್ನು ಹೇಳುವಾಗ ಅವನ ದನಿ ತಗ್ಗುತ್ತಿತ್ತು. ಆ ಪಾಠ ನನಗೆ ಬೇಕಾಗಿತ್ತು. ಹಳೆಯ ಆಲ್ಬಮ್ಮುಗಳ ಇಂಗ್ಲಿಷು ನನ್ನ ಕಿವಿಗೆ ಸಿಗುತ್ತಿರಲಿಲ್ಲ, ಹಾಳೆ ಹಿಡಿದು ಬೆರಳಿಟ್ಟು ಹೋಗಬೇಕಿತ್ತು. ಕಾನ್ವೆಂಟಿನಲ್ಲಿ ಕಲಿತ, ಹಡಗಿನಲ್ಲಿ ಅಣ್ಣ ಇದ್ದ ಹುಡುಗನಿಗೆ ಅದೇನೂ ಕಷ್ಟವಲ್ಲ. ನನ್ನ ಹತ್ತಿರ ಇದ್ದದ್ದು ಕೊಪ್ಪೀಕರ ರಸ್ತೆ ಕಡೆಯ ಅಂಗಡಿಯೊಂದರಲ್ಲಿ ಖಾಲಿ ಟೇಪಿಗೆ ತುಂಬಿಸಿಕೊಂಡ ಬ್ಲ್ಯಾಕ್ ಆಲ್ಬಮ್. ಅದರ ಮೇಲೆ ‘ಮ್ಯಾಥ್ಸ್ ಲೆಕ್ಚರ್ 2’ ಅಂತ ಬರೆದಿಟ್ಟಿದ್ದೆ. ಎಲ್ಲರೂ ಸಿನಿಮಾಕ್ಕೆ ಹೋದಾಗ ಹಚ್ಚುತ್ತಿದ್ದೆ.

ಈ ಜಗಳ ನನಗೆ ಹೊಸದೇನಲ್ಲ ಎಂಬುದು ಆಗ ಹೊಳೆದಿರಲಿಲ್ಲ. ನಮ್ಮ ತಂದೆ ಧಾರವಾಡದ ಖಾಸ ಸಂಗೀತ ಹುಚ್ಚಿನವರು. ಮಲ್ಲಿಕಾರ್ಜುನ ಮನಸೂರರ ಅಪ್ರಚಲಿತ ರಾಗಗಳೆಂದರೆ ಪ್ರಾಣ. ಭಾನುವಾರ ಕಟ್ಟೆಗೆ ಬರುತ್ತಿದ್ದ ಅವರ ಗೆಳೆಯರೊಬ್ಬರು ಭೀಮಸೇನ ಜೋಶಿಯವರ ದಾಸವಾಣಿ, ಅಭಂಗದ ಮಾತು ಬಂದರೆ ಅಡಕೆ ಕತ್ತರಿಸುತ್ತ ‘ಜನಕ್ಕ ಹಾಡಾಕ ಹತ್ಯಾರ’ ಅನ್ನುತ್ತಿದ್ದರು. ಜನಕ್ಕೆ ಹಾಡುವುದು ಅಷ್ಟು ದೊಡ್ಡ ತಪ್ಪಾಗಿತ್ತು ಆ ಕಟ್ಟೆಯ ಮೇಲೆ. ಒಳಗೆ ಅವ್ವ ರೊಟ್ಟಿ ಬಡಿಯುತ್ತ ಅದೇ ದಾಸವಾಣಿಯ ಕ್ಯಾಸೆಟ್ಟು ಹಚ್ಚಿಕೊಂಡಿರುತ್ತಿದ್ದಳು. ಒಂದೂವರೆ ತಾಸಿನ ಖ್ಯಾಲಿಗೆ ಕೂಡಲು ಆಕೆಗೆ ಯಾವತ್ತೂ ಬಿಡುವು ಸಿಗಲಿಲ್ಲ. ಅಪ್ಪನ ಗೆಳೆಯರ ಮಾತು ಕಿವಿಗೆ ಬಿದ್ದರೆ ದನಿ ಸ್ವಲ್ಪ ಏರಿಸುತ್ತಿದ್ದಳು, ಅಷ್ಟೇ. ಆ ಧೈರ್ಯ ನನಗೆ ಬರಲಿಲ್ಲ.

1996ರಲ್ಲಿ ‘ಲೋಡ್’ ಬಂತು. ಅಲಹಾಬಾದಿನಿಂದ ಬರುತ್ತಿದ್ದ ‘ರಾಕ್ ಸ್ಟ್ರೀಟ್ ಜರ್ನಲ್’ ಪತ್ರಿಕೆ ನಮ್ಮ ಹಾಸ್ಟೆಲ್ಲಿಗೆ ಕೈಯಿಂದ ಕೈಗೆ ದಾಟಿ ಮುಟ್ಟುವಾಗ ಹಪ್ಪಳವಾಗಿರುತ್ತಿತ್ತು. ನಾಲ್ವರೂ ಕೂದಲು ಕತ್ತರಿಸಿಕೊಂಡದ್ದು, ಕೆಲವರು ಕಣ್ಣಿಗೆ ಕಾಡಿಗೆ ಹಚ್ಚಿಕೊಂಡದ್ದು ಎಲ್ಲ ತಿಳಿಯಿತು. ಬೆಳಗಾವಿಯವನು ಎರಡು ದಿನ ಮೆಸ್ಸಿಗೆ ಬರಲಿಲ್ಲ. ನಗಬೇಡಿ. ಆ ವಯಸ್ಸಿನಲ್ಲಿ ನಮಗಿದ್ದ ಆಸ್ತಿ ಅಷ್ಟೇ.

ಮರುವರ್ಷ ನರಗುಂದ ಕಡೆಯಿಂದ ಒಬ್ಬ ಜೂನಿಯರ್ ಬಂದ. ತೆಳ್ಳಗಿನ ಹುಡುಗ, ತಲೆಗೆ ಎಣ್ಣೆ, ಕೈಯಲ್ಲಿ ಅವ್ವ ಕಟ್ಟಿಕೊಟ್ಟ ಶೇಂಗಾ ಚಟ್ನಿಯ ಡಬ್ಬಿ. ನಮ್ಮ ರೂಮಿನಲ್ಲಿ ಇಂಗ್ಲಿಷ್ ಹಾಡು ಕೇಳಿಸುತ್ತದೆ ಅಂತ ಯಾರೋ ಹೇಳಿದ್ದರು. ಡಬ್ಬಿ ಮೇಜಿನ ಮೇಲಿಟ್ಟು, ಬಾಗಿಲ ಹತ್ತಿರವೇ ನಿಂತು ಕೇಳಿದ, ‘ಸರ್, ನಥಿಂಗ್ ಎಲ್ಸ್ ಮ್ಯಾಟರ್ಸ್ ಐತೇನ್ರಿ? ಒಮ್ಮೆ ಹಚ್ಚಿರಂದ್ರ ಕೇಳಿ ಹೋಗ್ತೀನಿ.’

ರೂಮಿನಲ್ಲಿ ಐದು ಮಂದಿ ಇದ್ದೆವು. ಒಂದು ಕ್ಷಣ ಯಾರೂ ಮಾತಾಡಲಿಲ್ಲ. ಆಮೇಲೆ ನಗು ಶುರುವಾಯಿತು. ಬೆಳಗಾವಿಯವನು ಅವನನ್ನು ಸ್ಟೂಲಿನ ಮೇಲೆ ನಿಲ್ಲಿಸಿ ಆ ಹಾಡನ್ನು ನೀನೇ ಹಾಡು ಅಂದ. ಅವ ಹಾಡಿದ. ಸುಮಾರಾಗಿಯೇ ಹಾಡಿದ, ಉಚ್ಚಾರ ಮಾತ್ರ ನಮ್ಮ ಕಡೆಯದು, ನನ್ನ ಉಚ್ಚಾರವೂ ಅದೇ. ‘ಲಗ್ನದ ಬ್ಯಾಂಡಿನವ್ರ ಹಾಡು ಇದು, ಹೋಗಿ ಅಲ್ಲಿ ಕೇಳು’ ಅಂದವನು ನಾನು. ಹುಡುಗ ಸ್ಟೂಲಿನಿಂದ ಇಳಿದು, ಚಟ್ನಿ ಡಬ್ಬಿ ಅಲ್ಲೇ ಬಿಟ್ಟು ಹೋದ. ಚಟ್ನಿಯನ್ನು ನಾವು ವಾರವಿಡೀ ತಿಂದೆವು. ನನ್ನ ಟ್ರಂಕಿನಲ್ಲಿ ‘ಮ್ಯಾಥ್ಸ್ ಲೆಕ್ಚರ್ 2’ ಇತ್ತು.

ಆಮೇಲೆ ಎಲ್ಲರಿಗೂ ನೌಕರಿ ಸಿಕ್ಕಿತು, ಕ್ಯಾಸೆಟ್ಟು ಹೋಗಿ ಸೀಡಿ, ಸೀಡಿ ಹೋಗಿ ಕಂಪ್ಯೂಟರು ಬಂತು. 2000ದಲ್ಲಿ ಮೆಟಾಲಿಕಾದವರು ನ್ಯಾಪ್‌ಸ್ಟರ್ ಮೇಲೆ ದಾವೆ ಹೂಡಿ, ಹಾಡು ಪುಕ್ಕಟೆ ಹಂಚಿಕೊಂಡ ಮೂರು ಲಕ್ಷಕ್ಕೂ ಹೆಚ್ಚು ಬಳಕೆದಾರರ ಹೆಸರಿನ ಪಟ್ಟಿ ತಂದುಕೊಟ್ಟಾಗ ಮಾತ್ರ ನನಗೂ ಸಿಟ್ಟು ಬಂತು. ಈ ತಂಡ ಹೆಸರು ಮಾಡಿದ್ದೇ 1982ರ ಅದರ ಡೆಮೊ ಕ್ಯಾಸೆಟ್ಟನ್ನು ಹುಡುಗರು ನಕಲು ಮಾಡಿ ಅಂಚೆಯಲ್ಲಿ ಹಂಚಿಕೊಂಡದ್ದರಿಂದ. ಹುಬ್ಬಳ್ಳಿಯ ನನ್ನ ಭಕ್ತಿಯೂ ನಕಲಿ ಟೇಪಿನದೇ. ಕಾನೂನು ಅವರ ಕಡೆ ಇತ್ತು, ಸರಿ. ಆದರೂ ರೊಕ್ಕದ ಮಾತು ಎಂದರೆ ನನ್ನ ಮಟ್ಟಿಗೆ ಇದು. ‘ನಥಿಂಗ್ ಎಲ್ಸ್ ಮ್ಯಾಟರ್ಸ್’ ಅಲ್ಲ.

ವಯಸ್ಸಾಗುತ್ತ ಈ ಜಗಳದ ಇತಿಹಾಸ ಓದಿಕೊಂಡೆ. ಮೆಟಾಲಿಕಾ ಮಾರಿಕೊಂಡಿತು ಎಂಬ ಕೂಗು 1991ರಲ್ಲಿ ಹುಟ್ಟಿದ್ದೇ ಅಲ್ಲ. 1984ರಲ್ಲೇ ಎದ್ದಿತ್ತು. ‘ಫೇಡ್ ಟು ಬ್ಲ್ಯಾಕ್’ ಹಾಡಿನ ಮೊದಲಿಗೆ ಅಕೂಸ್ಟಿಕ್ ಗಿಟಾರು ಮೆಲ್ಲಗೆ ನುಡಿದದ್ದೇ ಅಪರಾಧ. ಬೆಳಗಾವಿಯವನು ಕಣ್ಣು ಮುಚ್ಚಿ ಕೇಳುತ್ತಿದ್ದ ಪವಿತ್ರ ಕ್ಯಾಸೆಟ್ಟಿನಲ್ಲೇ ಆ ಹಾಡಿದೆ! 1989ರಲ್ಲಿ ‘ಒನ್’ ಹಾಡಿಗೆ ಮೊದಲ ಸಲ ವಿಡಿಯೋ ಮಾಡಿದಾಗ ಇನ್ನೊಂದು ಸುತ್ತು ಬೈಗುಳ. ತಾನು ಒಳಗೆ ಬಂದ ಮೇಲೆ ಬಾಗಿಲು ಹಾಕಿಕೊಳ್ಳಬೇಕಿತ್ತು ಎಂದು ಪ್ರತಿಯೊಬ್ಬನಿಗೂ ಅನ್ನಿಸಿದೆ. ಇತ್ತ 2003ರ ‘ಸೇಂಟ್ ಆ್ಯಂಗರ್’ನಲ್ಲಿ ಅವರು ಗಿಟಾರ್ ಸೋಲೋಗಳನ್ನೇ ಕಿತ್ತುಹಾಕಿ, ಡ್ರಮ್ಮನ್ನು ಡಾಲ್ಡಾ ಡಬ್ಬಿ ಬಡಿದ ಹಾಗೆ ಕೇಳಿಸಿದರು. ಪೇಟೆಗೆ ಇಷ್ಟವಾಗಲೆಂದು ಯಾರೂ ಹಾಗೆ ಮಾಡುವುದಿಲ್ಲ. ಹಳೆಯ ಅಭಿಮಾನಿಗಳು ಅದನ್ನೂ ಬೈದರು.

ಹಾಗಂತ ಅಭಿಮಾನಿಗಳದ್ದು ಬರೀ ಹೊಟ್ಟೆಕಿಚ್ಚು ಎಂದರೆ ಅದೂ ತಪ್ಪು. ಬ್ಲ್ಯಾಕ್ ಆಲ್ಬಮ್ಮಿನಲ್ಲಿ ಏನೋ ಹೋಯಿತು, ಕಿವಿ ಇದ್ದವರಿಗೆ ಗೊತ್ತಾಗುತ್ತದೆ. ‘ಜಸ್ಟೀಸ್’ನ ಹಾಡುಗಳು ಎಲ್ಲಿ ತಿರುಗುತ್ತವೆ ಎಂದು ಇಪ್ಪತ್ತನೇ ಸಲವೂ ಪೂರ್ತಿ ಹೇಳಲಾಗುವುದಿಲ್ಲ. ‘ಎಂಟರ್ ಸ್ಯಾಂಡ್‌ಮನ್’ ಒಂದೇ ಸಲಕ್ಕೆ ಬಾಯಿಪಾಠ. ಆಲ್ಬಮ್ಮಿನ ಕೊನೆಯ ಮೂರು ನಾಲ್ಕು ಹಾಡು ನನಗೂ ಸಪ್ಪೆ. ಇನ್ನೊಂದು ಕಡೆಯಿಂದ ನೋಡಿದರೆ, ಆ ಹತ್ತು ನಿಮಿಷದ ಹಾಡನ್ನು ವೇದಿಕೆಯ ಮೇಲೆ ನುಡಿಸುವಾಗ ಮುಂದಿನ ಸಾಲಿನವರು ಮುಖ ಜೋಲು ಹಾಕಿ ನಿಂತಿರುತ್ತಿದ್ದುದನ್ನು ಗಿಟಾರಿಸ್ಟ್ ಕರ್ಕ್ ಹ್ಯಾಮೆಟ್ ಹೇಳಿಕೊಂಡಿದ್ದಾರೆ. ಅವರಿಗೇ ಸಾಕಾಗಿತ್ತು. ‘ಜಸ್ಟೀಸ್’ನಲ್ಲಿ ಬಾಸ್ ಕೇಳಿಸುವುದೇ ಇಲ್ಲ, ಬರ್ಟನ್ ಜಾಗಕ್ಕೆ ಬಂದ ಜೇಸನ್ ನ್ಯೂಸ್ಟೆಡ್ ನುಡಿಸಿದ್ದನ್ನು ಮಿಕ್ಸಿಂಗಿನಲ್ಲಿ ಹೂತುಬಿಟ್ಟಿದ್ದರು. ಬೇರೆ ಬೇರೆಯಾಗಿ ಕೂತು ರೆಕಾರ್ಡ್ ಮಾಡುತ್ತಿದ್ದ ನಾಲ್ವರನ್ನು ಬಾಬ್ ರಾಕ್ ಒಂದೇ ಕೋಣೆಯಲ್ಲಿ ಕೂಡಿಸಿ ನುಡಿಸಿದ. ಆ ‘ವ್ಯಾಪಾರಿ’ ಆಲ್ಬಮ್ಮಿನಲ್ಲೇ ನ್ಯೂಸ್ಟೆಡ್‌ನ ಬಾಸು ಸರಿಯಾಗಿ ಕೇಳಿಸಿದ್ದು.

‘ನಥಿಂಗ್ ಎಲ್ಸ್ ಮ್ಯಾಟರ್ಸ್’ನ ಹುಟ್ಟಿನ ಕತೆಯೂ ಹಾಗೆಯೇ. ಜೇಮ್ಸ್ ಹೆಟ್‌ಫೀಲ್ಡ್ ಗೆಳತಿಯ ಜತೆ ಫೋನಿನಲ್ಲಿ ಮಾತಾಡುತ್ತ, ಒಂದು ಕೈಯಲ್ಲಿ ರಿಸೀವರ್ ಹಿಡಿದು, ಇನ್ನೊಂದು ಕೈಯಲ್ಲಿ ಗಿಟಾರಿನ ತಂತಿಗಳನ್ನು ಸುಮ್ಮನೆ ಮೀಟುತ್ತಿದ್ದಾಗ ಹೊಳೆದದ್ದು. ಅದಕ್ಕೇ ಶುರುವಿನ ಸ್ವರಗಳೆಲ್ಲ ಬಿಟ್ಟ ತಂತಿಯವು, ಎಡಗೈಯೇ ಬೇಡ. ತಂಡಕ್ಕೆ ತೋರಿಸುವ ಇರಾದೆಯೂ ಅವನಿಗೆ ಮೊದಲು ಇರಲಿಲ್ಲವಂತೆ. ಇವತ್ತು ಗಿಟಾರ್ ಕ್ಲಾಸಿಗೆ ಸೇರಿದ ಮಕ್ಕಳು ಮೊದಲ ವಾರದಲ್ಲೇ ಆ ನಾಲ್ಕು ಸ್ವರ ಮೀಟಿ ಮನೆಯವರನ್ನು ಕರೆಯುತ್ತಾರೆ.

2011ರ ಅಕ್ಟೋಬರ್ 30, ಭಾನುವಾರ, ಮೆಟಾಲಿಕಾ ಬೆಂಗಳೂರಿನ ಅರಮನೆ ಮೈದಾನಕ್ಕೆ ಬಂತು. ಎರಡು ದಿನ ಮೊದಲು ಗುರುಗ್ರಾಮದಲ್ಲಿ ಆಗಬೇಕಿದ್ದ ಕಾರ್ಯಕ್ರಮ ರದ್ದಾಗಿ ಜನ ಸಿಟ್ಟಿಗೆದ್ದಿದ್ದರು. ಇಲ್ಲಿಯೂ ಹಾಗಾದೀತೆಂದು ನಮಗೆ ಹೊಟ್ಟೆಯಲ್ಲಿ ತಳಮಳ. ಬೆಳಗಾವಿಯವನು ಪುಣೆಯಿಂದ ರಾತ್ರಿ ಬಸ್ಸಿಗೆ ಬಂದ. ಅಷ್ಟರಲ್ಲಿ ಅವನ ತಲೆ ಬೋಳಾಗಿತ್ತು, ನನ್ನ ಹೊಟ್ಟೆ ಮುಂದೆ ಬಂದಿತ್ತು. ಸುತ್ತಲಿನ ಕರಿ ಟೀ ಶರ್ಟುಗಳಲ್ಲಿ ಅರ್ಧ ಮಂದಿ ‘ಮಾಸ್ಟರ್ ಆಫ್ ಪಪೆಟ್ಸ್’ ಬಂದಾಗ ಹುಟ್ಟಿರಲೇ ಇಲ್ಲ.

‘ನಥಿಂಗ್ ಎಲ್ಸ್ ಮ್ಯಾಟರ್ಸ್’ ಶುರುವಾದಾಗ ಹತ್ತಾರು ಸಾವಿರ ಮಂದಿ ಮೊಬೈಲ್ ಎತ್ತಿ ಹಿಡಿದು ಹಾಡತೊಡಗಿದರು. ಬೆಳಗಾವಿಯವನು ಎರಡೂ ಕೈ ಜೇಬಿನಲ್ಲಿಟ್ಟು ನೆಲ ನೋಡುತ್ತ ನಿಂತ. ನಾನು ದನಿ ಹೊರಗೆ ಬಾರದ ಹಾಗೆ ಬರೀ ತುಟಿ ಆಡಿಸಿದೆ. ಮೂವತ್ತು ದಾಟಿ, ಮಗಳೊಬ್ಬಳಿದ್ದು, ಮನೆ ಸಾಲ ತೀರಿಸುತ್ತಿದ್ದ ಗಂಡಸು ನಾನು.

ಮುಗಿದ ಮೇಲೆ ಆಟೋ ಸಿಗಲಿಲ್ಲ. ಮೇಖ್ರಿ ಸರ್ಕಲ್ ಕಡೆಗೆ ನಡೆಯುತ್ತ ಹೊರಟೆವು. ಕಿವಿಯಲ್ಲಿ ಇನ್ನೂ ಗುಂಯ್ ಅನ್ನುತ್ತಿತ್ತು. ‘ನಾ ಒಂದು ಹೇಳಬೇಕಾಗೇತಿ’ ಅಂದೆ. ‘ನಾನು ಮೊದಲ ಕೇಳಿದ್ದು ಮಾಸ್ಟರ್ ಆಫ್ ಪಪೆಟ್ಸ್ ಅಲ್ಲ. ಇದs ಹಾಡು.’

‘ಗೊತ್ತಿತ್ತಲೇ’ ಅಂದ. ‘ನಿನ್ನ ಮ್ಯಾಥ್ಸ್ ಲೆಕ್ಚರ್ ಹಚ್ಚಿ ನೋಡಿದ್ದೆ. ಬಿ ಸೈಡಿನ ಎರಡನೇ ಹಾಡು ಬಂದ ಕೂಡಲೇ ಟೇಪು ಎಳದಾಡ್ತಿತ್ತು. ಅಷ್ಟು ಸವಿಸಿದ್ದಿ.’

‘ಮತ್ತ ಯಾಕ ಹೇಳಲಿಲ್ಲ?’

ಸ್ವಲ್ಪ ದೂರ ಸುಮ್ಮನೆ ನಡೆದ. ಆಮೇಲೆ ಅಣ್ಣನ ಮಾತು ತೆಗೆದ. ಅಣ್ಣ ವರ್ಷಕ್ಕೊಮ್ಮೆ ಬರುತ್ತಿದ್ದನಂತೆ. ಬಂದಾಗ ತಮ್ಮನ ಜತೆ ಮಾತು ಕಡಿಮೆ. ಇಬ್ಬರೂ ಕೂತು ಕ್ಯಾಸೆಟ್ಟು ಹಚ್ಚಿಕೊಂಡು ಹಾಳೆ ಹಿಡಿದು ಅರ್ಥ ಮಾಡುವುದೇ ಮಾತು. 1991ರಲ್ಲಿ ಅಣ್ಣ ಹಡಗು ಬಿಟ್ಟು ಹೊರದೇಶದಲ್ಲಿ ನೆಲೆ ನಿಂತ. ಕ್ಯಾಸೆಟ್ಟು ಬರುವುದು ನಿಂತಿತು. ಬ್ಲ್ಯಾಕ್ ಆಲ್ಬಮ್ ಬೆಳಗಾವಿಯ ಅಂಗಡಿಯಲ್ಲೇ ಸಿಗತೊಡಗಿತು. ಪಾನ್ ಅಂಗಡಿಯಲ್ಲಿ ಕೂಡ ‘ಎಂಟರ್ ಸ್ಯಾಂಡ್‌ಮನ್’ ಹಚ್ಚುತ್ತಿದ್ದರು. ‘ಅದರಾಗ ಅರ್ಥ ಬಿಡಿಸೂ ಅಂಥಾದ್ದು ಏನೂ ಇರಲಿಲ್ಲ’ ಅಂದ. ‘ಅಣ್ಣ ಬೇಕಾಗಿರಲಿಲ್ಲ.’

ಈ ಮಾತಿಗೆ ನನ್ನಲ್ಲಿ ಉತ್ತರ ಇರಲಿಲ್ಲ. ಯಾವ ಹಾಡಿಗೆ ಯಾರೂ ಬೇಕಾಗಲಿಲ್ಲ ಎಂದು ನಾನು ಹಿಗ್ಗಿದ್ದೆನೋ ಅದೇ ಹಾಡು ಅವನಿಗೆ ಹಾಗೆ ಕೇಳಿಸಿತ್ತು. ಮರುದಿನವೇ, ಅಕ್ಟೋಬರ್ 31ಕ್ಕೆ, ಲೂ ರೀಡ್ ಎಂಬ ಹಿರಿಯ ಗಾಯಕನ ಜತೆ ಮೆಟಾಲಿಕಾ ಮಾಡಿದ ‘ಲುಲು’ ಆಲ್ಬಮ್ ಹೊರಬಂತು. ನಾಟಕದ ಮಾತಿನಂಥ ಸಾಹಿತ್ಯ, ಒಂದು ಹಾಡಂತೂ ಹತ್ತೊಂಬತ್ತು ನಿಮಿಷ. ಪೇಟೆಯ ಹಂಗೇ ಇಲ್ಲದ ಸಂಗೀತ. ಲೋಕವೆಲ್ಲ ಅದನ್ನು ಬೈದಿತು. ಬೆಳಗಾವಿಯವನು ಪುಣೆ ಮುಟ್ಟಿದ ಮೇಲೆ ಫೋನ್ ಮಾಡಿ, ಎರಡು ಸಲ ಕೇಳಿದೆ, ಏನೂ ತಿಳಿಯಲಿಲ್ಲ ಅಂದ. ದನಿಯಲ್ಲಿ ಖುಷಿ ಇತ್ತು.

ನರಗುಂದದ ಹುಡುಗ ಸಿಕ್ಕಿದ್ದು 2018ರಲ್ಲಿ, ಹುಬ್ಬಳ್ಳಿಯ ಒಂದು ಲಗ್ನದಲ್ಲಿ. ಅವನೇ ಗುರುತು ಹಿಡಿದ. ನೀರಾವರಿ ಇಲಾಖೆಯಲ್ಲಿ ಇಂಜಿನಿಯರು. ಮೈ ಕೈ ತುಂಬಿಕೊಂಡು ಚಲೋ ಕಾಣುತ್ತಿದ್ದ. ಹೆಂಡತಿ ಮಕ್ಕಳ ವಿಚಾರ, ವರ್ಗಾವಣೆಯ ವಿಚಾರ ಎಲ್ಲ ಆದ ಮೇಲೆ ನಾನು ತಡವರಿಸುತ್ತ ಆ ದಿನದ ಮಾತು ತೆಗೆದೆ. ನಿನಗೆ ನೆನಪಿರಲಿಕ್ಕಿಲ್ಲ, ಅಂದೆ.

‘ನೆನಪೈತ್ರಿ ಸರ್’ ಅಂದ. ‘ಎಲ್ಲಾರ್ಕಿಂತ ಜೋರ ನಕ್ಕವ್ರು ನೀವ.’

ಹೊರಗೆ ಬ್ಯಾಂಡಿನವರು ಕನ್ನಡ ಸಿನಿಮಾದ ಹಾಡೊಂದನ್ನು ಬಾರಿಸುತ್ತಿದ್ದರು. ನಾನು ತಪ್ಪಾಯಿತು ಅಂದೆನೋ ಇಲ್ಲವೋ, ಆ ಗದ್ದಲದಲ್ಲಿ ಅವನಿಗೆ ಕೇಳಿಸಿತೋ ಇಲ್ಲವೋ. ಅವ ಪಂಕ್ತಿಯಲ್ಲಿ ಜಾಗ ಹಿಡಿದು ನನ್ನನ್ನು ಪಕ್ಕಕ್ಕೆ ಕರೆದ. ಎಲೆ ಹಾಕಿ, ಉಪ್ಪು, ಕೋಸಂಬರಿ ಬಡಿಸಿಕೊಂಡು ಹೋದರು. ಶೇಂಗಾ ಚಟ್ನಿ ಬಂದಾಗ ಅವ ನಕ್ಕ.

‘ಅರಮನಿ ಮೈದಾನಕ್ಕ ನಾನೂ ಬಂದಿದ್ದೆರಿ’ ಅಂದ. ‘ಆ ಹಾಡು ಬಂದಾಗ ನೀವು ಯಾವ ಕಡೆ ನಿಂತಿದ್ರಿ?’